14ರ ಗೆರೆ, 15ನೇ ರೆಜಿಮೆಂಟ್

[ಪರದೆ ಮೇಲೆ ಹೆಸರುಗಳ ಪಟ್ಟಿ. 14ರ ಕೆಳಗೆ ಕೆಂಪು ಗೆರೆ.]

ಈ ಪಟ್ಟಿ ನೋಡಿ. ಬ್ರಿಟನ್ನಿನ ಯೋಮನ್ರಿ ರೆಜಿಮೆಂಟುಗಳ ಹಿರಿತನದ ಸಾಲು ಇದು. ಮೊದಲ ಮಹಾಯುದ್ಧ ಮುಗಿದಿತ್ತು. ಮೆಷಿನ್ ಗನ್ ಎದುರು ಇಷ್ಟೊಂದು ಕುದುರೆ ಸವಾರರು ಯಾಕೆ ಅನ್ನೋ ಪ್ರಶ್ನೆ ಎದ್ದಿತು. ಮೊದಲ 14 ರೆಜಿಮೆಂಟುಗಳು ಕುದುರೆ ಮೇಲೇ ಇರಲಿ, ಉಳಿದವರಲ್ಲಿ ಹೆಚ್ಚಿನವರು ಫಿರಂಗಿ ಹಿಡಿಯಲಿ ಎಂದು ತೀರ್ಮಾನವಾಯಿತು.

ಸೌತ್ ನಾಟಿಂಗ್‌ಹ್ಯಾಮ್‌ಶೈರ್ ಹುಸಾರ್ಸ್ ಇದ್ದದ್ದು 15ನೇ ಸ್ಥಾನದಲ್ಲಿ. ಹುಸಾರ್ಸ್ ಅಂದರೆ ಹಗುರ ಕುದುರೆ ಸವಾರರು. ಹೊಟ್ಟೆ ಉರಿಯದೆ ಇರುತ್ತಾ?

ಯೋಮನ್ರಿ ಅಂದರೆ ಸ್ವಯಂಸೇವಕರ ಕುದುರೆ ದಂಡು. ಫ್ರೆಂಚರು ದಂಡೆತ್ತಿ ಬಂದಾರು ಎಂಬ ಭಯದಲ್ಲಿ 1794ರಲ್ಲಿ ಶುರುವಾಯಿತು. ಜಮೀನುದಾರರು, ರೈತರು ತಮ್ಮ ತಮ್ಮ ಕುದುರೆ ಹತ್ತಿ ಬರುತ್ತಿದ್ದರು. ಫ್ರೆಂಚರಂತೂ ನಾಟಿಂಗ್‌ಹ್ಯಾಮ್ ತನಕ ಬರಲಿಲ್ಲ ಬಿಡಿ.

[ನಕ್ಷೆ: ಗಲಿಪೊಲಿ, ಪ್ಯಾಲೆಸ್ಟೈನ್]

ನಿಜ ಹೇಳಬೇಕೆಂದರೆ, ಕುದುರೆ ಮೊದಲೇ ಕೈಬಿಡುತ್ತಾ ಬಂದಿತ್ತು. 1915ರಲ್ಲಿ ತುರ್ಕಿಯ ಗಲಿಪೊಲಿಯಲ್ಲಿ ಈ ಹುಸಾರ್ಸ್ ಕಾಲಾಳುಗಳಾಗಿ ಕಾದಾಡಿದರು. ಪ್ಯಾಲೆಸ್ಟೈನ್‌ನಲ್ಲಿ ಮತ್ತೆ ಸವಾರಿ. 1918ರಲ್ಲಿ ಕುದುರೆ ಬಿಡಿಸಿ ಮೆಷಿನ್ ಗನ್ ಕೊಟ್ಟರು. ಫ್ರಾನ್ಸಿಗೆ ಹೊರಟ ಹಡಗು ಲೀಸೋ ಕ್ಯಾಸಲ್ ಮೇ 27ರಂದು ಟಾರ್ಪೆಡೊ ಏಟಿಗೆ ಮುಳುಗಿತು. ಬದುಕಿದವರು ಮತ್ತೆ ಹಡಗು ಹತ್ತಿದರು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಪ್ಯಾಲೆಸ್ಟೈನ್‌ನ ಹೈಫಾದಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಈಟಿ ಹಿಡಿದು ಕುದುರೆ ನುಗ್ಗಿಸಿದರು. ಇವರಿಗೆ ಆ ಭಾಗ್ಯ ಇರಲಿಲ್ಲ.

1922ರಲ್ಲಿ ಫಿರಂಗಿ ದಳವಾಯಿತು. ಹೊಸ ನಂಬರು 107. ಹುಸಾರ್ಸ್ ಎಂಬ ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ತಮಾಷೆ ಏನೆಂದರೆ, ಆಗ ಫಿರಂಗಿ ಎಳೆಯುತ್ತಿದ್ದದ್ದೂ ಕುದುರೆಗಳೇ!

[ಮರುಭೂಮಿ, ಧೂಳು. 25 ಪೌಂಡರ್ ಫಿರಂಗಿಯ ಚಿತ್ರ.]

1941. ಲಿಬಿಯಾದ ಟೊಬ್ರುಕ್. ಸುತ್ತ ಜರ್ಮನ್, ಇಟಾಲಿಯನ್ ಸೈನ್ಯ. ಒಳಗೆ ಇವರ 25 ಪೌಂಡರ್ ಫಿರಂಗಿಗಳು. ಹೆಸರು 25 ಪೌಂಡರ್, ಯಾಕೆಂದರೆ ಅದರ ಗುಂಡಿನ ತೂಕವೇ 25 ಪೌಂಡು, ಸುಮಾರು 11 ಕಿಲೋ. ದೂರದಿಂದ ಹಾರಿಸಬೇಕಾದ ಫಿರಂಗಿ ಇದು. ಆದರೆ 1942ರ ಜೂನ್ 6ರಂದು, ನೈಟ್ಸ್‌ಬ್ರಿಜ್ ಎಂದು ಸೈನಿಕರೇ ಹೆಸರಿಟ್ಟ ಮರುಭೂಮಿಯ ದಾರಿಕೂಡಿನ ಹತ್ತಿರ, ಟ್ಯಾಂಕುಗಳು ಕಣ್ಣೆದುರೇ ಬಂದವು. ನೇರ ಗುರಿಯಿಟ್ಟು ಹೊಡೆದರು. ಹಿಂದೆ ಸರಿಯುವ ದಾರಿ ಇರಲಿಲ್ಲ. ಸಂಜೆಯ ಹೊತ್ತಿಗೆ ಬಹಳಷ್ಟು ಜನ ಸತ್ತಿದ್ದರು ಇಲ್ಲವೇ ಸೆರೆ ಸಿಕ್ಕಿದ್ದರು.

[ಮತ್ತೆ ಪಟ್ಟಿ. 4ನೇ ಹೆಸರಿಗೆ ಬೆಳಕು.]

4ನೇ ಸ್ಥಾನದಲ್ಲಿ ಅದೇ ನಾಟಿಂಗ್‌ಹ್ಯಾಮ್‌ಶೈರ್‌ನ ಶೆರ್‌ವುಡ್ ರೇಂಜರ್ಸ್. ಅವರ ಕುದುರೆ ಉಳಿದಿತ್ತಲ್ವಾ? 1940ರಲ್ಲಿ ಕುದುರೆ ಸಮೇತ ಪ್ಯಾಲೆಸ್ಟೈನಿಗೆ ಹೋದರು. ಅಲ್ಲಿ ಕುದುರೆ ಬಿಡಿಸಿದರು. 1941ರಲ್ಲಿ ಅವರಿಗೆ ಸಿಕ್ಕ ಕೆಲಸ: ಟೊಬ್ರುಕ್ ಕರಾವಳಿಯ ಫಿರಂಗಿ ನೋಡಿಕೊಳ್ಳೋದು.