ಎಷ್ಟು ಲ್ಯಾಪ್ ಓಡುತ್ತೆ ನಿಮ್ಮ ಕಾರು?

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಹೆಬ್ಬಾಳದ ಹತ್ತಿರ ಪೆಟ್ರೋಲ್ ಹಾಕಿಸುತ್ತಿದ್ದೆ. ಹಿಂದೆ ಒಂದು ಬಿಳಿ ಫೋಕ್ಸ್‌ವ್ಯಾಗನ್ ಪೋಲೊ ಕಾರು ಬಂದು ನಿಂತಿತು. ಅದರಿಂದ ಇಳಿದ ಹುಡುಗನಿಗೆ ಇಪ್ಪತ್ತಮೂರು ವರ್ಷ ಇರಬಹುದು. ನನ್ನ ಹಳೆ ಮಾರುತಿ ಎಸ್ಟೀಮ್ ಕಾರಿಗೆ ಒಂದು ಸುತ್ತು ಹಾಕಿದ. ಬಗ್ಗಿ ಚಕ್ರದ ಸಂದಿಯಿಂದ ಒಳಗೆ ನೋಡಿದ. ಆಮೇಲೆ ಕೇಳಿದ: "ಅಣ್ಣಾ, ಎಷ್ಟು ಬಿಎಚ್‌ಪಿ?"

ಕಾರು ಬಿಲ್ಡ್ ಮಾಡುವವರಿಗೆ, ಅಂದರೆ ಬಿಚ್ಚಿ ಮತ್ತೆ ತಮಗೆ ಬೇಕಾದ ಹಾಗೆ ಕಟ್ಟುವವರಿಗೆ, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ, ಎಂಜಿನ್ನಿನ ಶಕ್ತಿ ಎಷ್ಟು ಅಂತ. ನಾನೂ ವರ್ಷಗಟ್ಟಲೆ ಇದನ್ನೇ ಕೇಳಿಕೊಂಡು ಓಡಾಡಿದವನು. ಆದರೆ ಈಗ ಯಾರಾದರೂ ತಮ್ಮ ಕಾರು ತೋರಿಸಿದರೆ ನಾನು ಬೇರೆಯದನ್ನೇ ಕೇಳುತ್ತೇನೆ. ರೇಸ್ ಟ್ರ್ಯಾಕ್‌ನಲ್ಲಿ ನಿಲ್ಲಿಸದೆ ಎಷ್ಟು ಲ್ಯಾಪ್, ಅಂದರೆ ಎಷ್ಟು ಸುತ್ತು, ಓಡುತ್ತೆ? ಓಡಿದ ಮೇಲೆ ಸಂಜೆ ಅದೇ ಕಾರಲ್ಲಿ ಮನೆಗೆ ಬರಬಹುದಾ? ಇವತ್ತಿನ ವಿಡಿಯೊ ಪೂರ್ತಿ ಇದರ ಬಗ್ಗೆಯೇ.

ಈ ಕಾರು ನಮ್ಮಪ್ಪನದು. 2003ರ ಎಸ್ಟೀಮ್, 1.3 ಲೀಟರಿನ ಎಂಜಿನ್, ಕಾಗದದ ಮೇಲೆ 85 ಬಿಎಚ್‌ಪಿ. ಈಗಿನ ಲೆಕ್ಕದಲ್ಲಿ ಅದು ದೊಡ್ಡ ಸಂಖ್ಯೆಯೇನಲ್ಲ. ಆದರೆ ಕಾರಿನ ತೂಕ 900 ಕೆಜಿಗಿಂತ ಕಡಿಮೆ. ಅದಕ್ಕೇ ನಮ್ಮ ದೇಶದ ರೇಸ್‌ಗಳಲ್ಲಿ, ರ‍್ಯಾಲಿಗಳಲ್ಲಿ ಎಸ್ಟೀಮ್ ಅಷ್ಟು ವರ್ಷ ಓಡಿದ್ದು. ಇನ್ನೊಂದು ವಿಷಯ, ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಇಲ್ಲಿ ಸುಮಾರು ಎಂಟು ಒಂಬತ್ತು ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಇದೇ ಕಾರು ಚೆನ್ನೈಗೆ ಹೋದಾಗ ಎಳೆಯುವುದೇ ಬೇರೆ ಥರ.

ಎರಡು ವರ್ಷ ನಾನು ಬರೀ ಎಂಜಿನ್ ಹಿಂದೆ ಬಿದ್ದಿದ್ದೆ. ಮೊದಲು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಹುಟ್ಟುವ ಒತ್ತಡ, ನೋಡಿದೆವು. ಮೂರು ಸಿಲಿಂಡರ್‌ಗಳಲ್ಲಿ 180 ಪಿಎಸ್‌ಐ ಆಸುಪಾಸು ಬಂತು, ನಾಲ್ಕನೆಯದರಲ್ಲಿ ಬರೀ 140. ನಮ್ಮ ಮೇಸ್ತ್ರಿ ಏನೂ ಮಾತಾಡಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ತೂತಿನೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಮತ್ತೆ ಸೆಲ್ಫ್ ಹೊಡೆಸಿದರು. ಮುಳ್ಳು 170 ದಾಟಿತು. "ರಿಂಗ್ ಹೋಗಿದೆ ಸಾರ್, ವಾಲ್ವ್ ಅಲ್ಲ" ಅಂದರು. ಆಯಿಲ್ ಹೋಗಿ ಪಿಸ್ಟನ್ ರಿಂಗಿನ ಸುತ್ತ ಕೂತು ಸ್ವಲ್ಪ ಹೊತ್ತು ಸೀಲ್ ಮಾಡುತ್ತದೆ. ಅದಕ್ಕೆ ಒತ್ತಡ ಏರುತ್ತದೆ. ವಾಲ್ವ್ ಲೀಕ್ ಇದ್ದರೆ ಆಯಿಲ್ ಬಿಟ್ಟರೂ ಏರುವುದಿಲ್ಲ. ಒಂದು ಚಮಚ ಎಣ್ಣೆಯಲ್ಲಿ ಇಡೀ ಎಂಜಿನ್ನಿನ ಜಾತಕ ಹೇಳಿಬಿಟ್ಟರು ಅವರು. ಈ ಹವ್ಯಾಸದ ರುಚಿ ನನಗೆ ಹತ್ತಿದ್ದು ಆ ದಿನ.

ಆಮೇಲೆ ಎಷ್ಟು ಸಲ ಶಿವಾಜಿನಗರದ ಗುಜರಿಗೆ, ಎಷ್ಟು ಸಲ ಜೆಸಿ ರೋಡಿಗೆ ಹೋದೆನೋ ಲೆಕ್ಕವಿಲ್ಲ. ಪಿಸ್ಟನ್ ರಿಂಗ್, ಬೇರಿಂಗ್, ಹೆಡ್ ಕೆಲಸ, ಹೊಸ ಎಂಜಿನ್ ಮೌಂಟಿಂಗ್, ಹೊಸ ಕ್ಲಚ್ ಎಲ್ಲ ಆಯಿತು. ಎಂಜಿನ್ ಮಾತ್ರ ಕಂಪನಿ ಕೊಟ್ಟದ್ದೇ, ನಂಬರ್ ಕೂಡ ಅದೇ. ಸ್ಟಾರ್ಟ್ ಮಾಡಿದರೆ ಗಡಿಯಾರದ ಥರ ನಡೆಯುತ್ತಿತ್ತು. ಇನ್ನು ಟ್ರ್ಯಾಕ್‌ಗೆ ರೆಡಿ ಅಂದುಕೊಂಡೆ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋದೆ. ಸುಮಾರು 2 ಕಿಲೋಮೀಟರಿನ ಚಿಕ್ಕ ಟ್ರ್ಯಾಕ್ ಅದು. ಹೆಸರು ಬಂದಿದ್ದು ಕರಿವರ್ಧನ್ ಅವರಿಂದ. 1980ರ ದಶಕದ ಕೊನೆಯಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅಂತ ಅಗ್ಗದ ರೇಸ್ ಕಾರು ಕಟ್ಟಿದವರು. ದುಡ್ಡಿದ್ದವರ ಆಟವಾಗಿದ್ದ ರೇಸಿಂಗನ್ನು ಒಂದಷ್ಟು ಮಾಮೂಲಿ ಹುಡುಗರ ಕೈಗೂ ಎಟುಕುವ ಹಾಗೆ ಮಾಡಿದವರು. ಅವರ ಬಗ್ಗೆಯೇ ಒಂದು ವಿಡಿಯೊ ಮಾಡಬೇಕು, ಮಾಡುತ್ತೇನೆ.

ನಾಲ್ಕನೇ ಲ್ಯಾಪ್. ನೇರ ರಸ್ತೆಯ ಕೊನೆಯಲ್ಲಿ ಬ್ರೇಕ್ ಒತ್ತಿದೆ. ಕಾಲಿಗೆ ಏನೂ ಸಿಗಲಿಲ್ಲ. ಪೆಡಲ್ ಮೆತ್ತಗೆ ಕೆಳಗಿನ ಮ್ಯಾಟಿನವರೆಗೂ ಇಳಿದುಹೋಯಿತು. ಎರಡು ಮೂರು ಸಲ ಪಂಪ್ ಮಾಡಿದೆ, ಮೂರನೇ ಗೇರಿಗೆ ಇಳಿಸಿದೆ, ಎರಡನೆಗೆ ಇಳಿಸಿದೆ. ಕಾರು ತಿರುವು ಬಿಟ್ಟು ನೇರವಾಗಿ ಮಣ್ಣಿಗೆ ಹೋಯಿತು. ಧೂಳು ಇಳಿಯುವ ತನಕ ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಯಾರಿಗೂ ಏನೂ ಆಗಲಿಲ್ಲ. ಕಾರಿಗೂ ಏನೂ ಆಗಲಿಲ್ಲ. ಯಾಕೆಂದರೆ ಅಲ್ಲಿ ಮಣ್ಣಿತ್ತು. ಗೋಡೆ ಇರಲಿಲ್ಲ, ಎದುರಿಂದ ಬರುವ ಹಾಲಿನ ವ್ಯಾನ್ ಇರಲಿಲ್ಲ.

ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ, ಬಂದ ಮೇಲೆ, ಆಗ ತಾನೇ ಪರಿಚಯವಾದ ಒಬ್ಬರು ಹಿರಿಯರು ಕ್ಯಾಲಿಪರ್‌ನ (ಚಕ್ರದ ಡಿಸ್ಕನ್ನು ಹಿಡಿಯುವ ಭಾಗ) ನಿಪ್ಪಲ್ಲಿಗೆ ಸಣ್ಣ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಬಾಟಲಿಗೆ ಬಿಟ್ಟರು. ನನ್ನನ್ನು ಬ್ರೇಕ್ ಒತ್ತು ಅಂದರು. ಬಂದ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣದಲ್ಲಿತ್ತು. ಹೊಸ ಬ್ರೇಕ್ ಆಯಿಲ್ ತಿಳಿ ಹಳದಿ ಇರಬೇಕು. ನಾಲ್ಕು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ್ದಕ್ಕೆ ದುಡ್ಡು ಕೊಟ್ಟಿದ್ದೆ, ಬಿಲ್ ಕೂಡ ಇತ್ತು. ಮೇಲಿನ ಡಬ್ಬಿಯಲ್ಲಿದ್ದದ್ದನ್ನು ಮಾತ್ರ ತೆಗೆದು ಹೊಸದು ಸುರಿದಿದ್ದರು. ಪೈಪಿನಲ್ಲಿ ಇದ್ದದ್ದು ಹಳೆಯದೇ. ಅವತ್ತಿನಿಂದ ಆ ಕೆಲಸವನ್ನು ನಾನೇ ಕೂತು ಮಾಡುತ್ತೇನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ ಇದೆ. ಅದೇ ಆಯಿಲ್‌ಗೆ ನಾಲ್ಕು ಶೇಕಡಾದಷ್ಟೂ ನೀರು ಸೇರಬೇಕಿಲ್ಲ, ಆ ಮಿತಿ 155ಕ್ಕೆ ಇಳಿದುಬಿಡುತ್ತದೆ. ಟ್ರ್ಯಾಕ್‌ನಲ್ಲಿ ಡಿಸ್ಕ್ ಕಾದು ಆಯಿಲ್ ಕುದಿಯಿತು ಅಂದರೆ ಪೈಪಿನೊಳಗೆ ಆವಿಯ ಗುಳ್ಳೆ ಆಗುತ್ತದೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಅದುಮಬಹುದು. ನಿಮ್ಮ ಕಾಲಿನ ಒತ್ತಡವೆಲ್ಲ ಗುಳ್ಳೆ ಅದುಮುವುದಕ್ಕೇ ಖರ್ಚಾಗುತ್ತದೆ. ಪೆಡಲ್ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ.

ವೇಗದ ಲೆಕ್ಕವನ್ನೂ ಸೇರಿಸಿ ನೋಡಿ. ವೇಗ 60ರಿಂದ 120 ಆದರೆ ಬ್ರೇಕ್ ಮಾಡಬೇಕಾದ ಕೆಲಸ ನಾಲ್ಕು ಪಟ್ಟು ಆಗುತ್ತದೆ. ಹಾಗಾದರೆ ಎಂಜಿನ್ನಿನ ಶಕ್ತಿ ಹೆಚ್ಚಿಸಿ ಬ್ರೇಕ್ ಹಳೆಯದೇ ಬಿಟ್ಟವರು ಏನು ಮಾಡಿದ ಹಾಗಾಯಿತು? ಇನ್ನೂ ಜಾಸ್ತಿ ವೇಗದಲ್ಲಿ ಅದೇ ತಿರುವಿಗೆ ಬರುತ್ತಾರೆ, ಅದೇ ಬ್ರೇಕ್ ಒತ್ತುತ್ತಾರೆ, ಅಷ್ಟೇ.

ಅದಕ್ಕೇ ಹೇಳುವುದು, ದುಡ್ಡು ಹಾಕುವ ಕ್ರಮ ತಿರುಗಾಮುರುಗಾ ಆಗಿದೆ ನಮ್ಮಲ್ಲಿ. ಒಳ್ಳೆಯ ಬ್ರೇಕ್ ಪ್ಯಾಡ್, ತಾಜಾ ಆಯಿಲ್, ಹೊಸ ಹೋಸ್ ಪೈಪ್, ಇಷ್ಟೂ ಸೇರಿದರೆ ಒಂದು ಹೆಸರುವಾಸಿ ಎಕ್ಸಾಸ್ಟ್‌ನ (ಹೊಗೆ ಪೈಪಿನ) ಬೆಲೆಗಿಂತ ಕಡಿಮೆಯೇ. ಆದರೂ ಮೊದಲು ಬರುವುದು ಎಕ್ಸಾಸ್ಟ್. ಟೈರಿನ ಕಥೆಯೂ ಹಾಗೇ. ಟೈರಿನ ಪಕ್ಕದಲ್ಲಿ ಡಾಟ್ ಅಂತ ಬರೆದಿರುವ ಕಡೆ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ಮಾಡಿದ ಟೈರ್ ಅದು. ಈ ವಿಡಿಯೊ ಮುಗಿದ ಮೇಲೆ ಕೆಳಗೆ ಹೋಗಿ ನಿಮ್ಮ ಕಾರಿನದನ್ನು ಒಮ್ಮೆ ನೋಡಿಕೊಂಡು ಬನ್ನಿ. ಟೈರಿನ ಮೇಲಿನ ಗೆರೆಗಳು ಎಷ್ಟೇ ಆಳ ಇರಲಿ, ಆರೇಳು ವರ್ಷದ ರಬ್ಬರು ಗಟ್ಟಿಯಾಗಿರುತ್ತದೆ. ಮಳೆ ಬಂದ ದಿನ ಗೊತ್ತಾಗುತ್ತದೆ ಅದರ ಬಂಡವಾಳ.

ಈಗ ನನಗೆ ನಿಜವಾಗಿ ಬೇಜಾರು ತರಿಸುವ ವಿಷಯಕ್ಕೆ ಬರುತ್ತೇನೆ. ಪಟಾಕಿ ಎಕ್ಸಾಸ್ಟ್. ಆಕ್ಸಿಲರೇಟರ್ ಬಿಟ್ಟ ಕೂಡಲೇ ಡಬ್ ಡಬ್ ಅಂತ ಸಿಡಿಯುವುದು. ಅದು ಹೇಗೆ ಆಗುತ್ತದೆ ಗೊತ್ತಾ? ಸಾಮಾನ್ಯವಾಗಿ ನೀವು ಕಾಲು ತೆಗೆದಾಗ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ನಿಲ್ಲಿಸುತ್ತದೆ. ಪಟಾಕಿಗಾಗಿ ಅದರ ಸೆಟ್ಟಿಂಗ್ ಬದಲಾಯಿಸಿ ಮ್ಯಾಪ್ ಮಾಡಿದರೆ ಪೆಟ್ರೋಲ್ ಬಿಡುತ್ತಲೇ ಇರುತ್ತದೆ, ಸ್ಪಾರ್ಕನ್ನು ತಡ ಮಾಡುತ್ತದೆ. ಸಿಲಿಂಡರಿನಲ್ಲಿ ಉರಿಯಬೇಕಾದದ್ದು ಸೈಲೆನ್ಸರ್ ಪೈಪಿನಲ್ಲಿ ಹೋಗಿ ಉರಿಯುತ್ತದೆ. ಕಾರಿನ ವೇಗ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕರಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಟರ್ಬೊಗೆ ಏಟು ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ಯಾವುದೋ ಮನೆಯಲ್ಲಿ ಮಗು ಬೆಚ್ಚಿ ಎದ್ದು ಅಳುತ್ತದೆ. ಆ ಮನೆಯವರು ಇನ್ನು ಮುಂದೆ ಬೋನೆಟ್ ತೆರೆದು ನಿಂತಿರುವ ಪ್ರತಿಯೊಬ್ಬನನ್ನೂ ಅದೇ ಕಣ್ಣಲ್ಲಿ ನೋಡುತ್ತಾರೆ. ಆರು ವರ್ಷ ಕೂತು ಕಾರು ಕಟ್ಟಿದವನನ್ನೂ ಸೇರಿಸಿ. ಅವರದ್ದು ತಪ್ಪು ಅಂತ ನಾನು ಹೇಳಲಾರೆ.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನ ಬದಲಾವಣೆಗೆ ಸಂಬಂಧಿಸಿದ್ದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು, ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವಿರುದ್ಧವಾಗಿ ಬದಲಾಯಿಸುವ ಹಾಗಿಲ್ಲ ಅಂತ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇನ್ಶೂರೆನ್ಸ್ ಕಂಪನಿಗೆ ತಿಳಿಸದೆ ಮಾಡಿದ್ದರೆ ಕ್ಲೇಮ್ ಬಿದ್ದುಹೋಗಬಹುದು. ಇದೆಲ್ಲ ತಿಳಿದುಕೊಂಡೇ ಸ್ಪ್ಯಾನರ್ ಹಿಡಿಯಿರಿ.

ಆದರೆ ನನ್ನ ಅಸಮಾಧಾನ ಒಂದಿದೆ. ಪಟಾಕಿ ಎಕ್ಸಾಸ್ಟ್ ಹಾಕಿದವನೂ, ಒಳ್ಳೆಯ ಸಸ್ಪೆನ್ಶನ್, ದೊಡ್ಡ ಡಿಸ್ಕ್ ಹಾಕಿ ಕಾರನ್ನು ಇನ್ನಷ್ಟು ಸುರಕ್ಷಿತ ಮಾಡಿಕೊಂಡವನೂ ಒಂದೇ ತಕ್ಕಡಿಯಲ್ಲಿ ಬೀಳುತ್ತಾರೆ. ಜರ್ಮನಿಯಲ್ಲಿ ಹೀಗಿಲ್ಲ. ಅಲ್ಲಿ ಬಿಡಿಭಾಗದ ಜೊತೆ ಸರ್ಟಿಫಿಕೇಟ್ ಬರುತ್ತದೆ, ಇಲ್ಲವಾದರೆ ತಜ್ಞರು ಕಾರನ್ನು ನಿಲ್ಲಿಸಿಕೊಂಡು ಪರೀಕ್ಷೆ ಮಾಡುತ್ತಾರೆ. ಸರಿಯಿದ್ದರೆ ಕಾರಿನ ಕಾಗದದಲ್ಲೇ ಬರೆದುಕೊಡುತ್ತಾರೆ. ನಮ್ಮಲ್ಲಿ ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಟಿಒ ಆರ್‌ಸಿಯಲ್ಲಿ ಬರೆಯುತ್ತಾರೆ ತಾನೇ? ಬ್ರೇಕ್‌ಗೂ ಅಂಥ ಒಂದು ದಾರಿ ಯಾಕಿರಬಾರದು? ದಾರಿ ಇದ್ದರೆ ಕದ್ದುಮುಚ್ಚಿ ಮಾಡುವ ಅರ್ಧ ಕೆಲಸಗಳು ತಾವಾಗಿಯೇ ಬೆಳಕಿಗೆ ಬರುತ್ತವೆ.

ಇನ್ನು ಓಡಿಸುವ ಜಾಗ. ರ‍್ಯಾಲಿ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಗಳಲ್ಲಿ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳು ನಡೆದಿವೆ, ಕೆ-1000 ರ‍್ಯಾಲಿ ಇದೆ. ಆದರೆ ಚೆನ್ನೈ ಹತ್ತಿರ ಇರುಂಗಾಟುಕೋಟೈನಲ್ಲಿ ಇರುವಂಥ 3.7 ಕಿಲೋಮೀಟರಿನ ಟ್ರ್ಯಾಕ್ ನಮ್ಮಲ್ಲಿಲ್ಲ. ಇಷ್ಟು ಕಾರಿರುವ, ಇಷ್ಟು ಕಾರು ಹುಚ್ಚಿರುವ ಊರು ಬೆಂಗಳೂರು. ನಾವು ಒಂದು ದಿನ ಜೋರಾಗಿ ಓಡಿಸಬೇಕು ಅಂದರೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಬೇಕು. ಹೋಗಲಾಗದ ಹುಡುಗರು ಬೆಳಗಿನ ಜಾವ ಏರ್‌ಪೋರ್ಟ್ ರೋಡಿಗೆ ಹೋಗುತ್ತಾರೆ. ಅಲ್ಲಿ ಕರಿ ಟ್ರ್ಯಾಕ್‌ನಲ್ಲಿದ್ದಂಥ ಮಣ್ಣಿಲ್ಲ. ಅಲ್ಲಿ ಹೂವಿನ ಮೂಟೆ ಹೊತ್ತ ಟೆಂಪೊ ಇದೆ, ಡ್ಯೂಟಿ ಮುಗಿಸಿ ರಸ್ತೆ ದಾಟುವವರಿದ್ದಾರೆ. ದೂರ ಜಾಸ್ತಿ ಅನ್ನುವುದು ಆ ರಸ್ತೆಗೆ ಹೋಗಲು ಕಾರಣ ಆಗಬಾರದು. ನಾನು ಇದನ್ನು ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ.

ಆ ಪೋಲೊ ಹುಡುಗನ ಕಥೆ ಬಾಕಿ ಉಳಿಯಿತು. ಅವನದು ಜಿಟಿ ಟಿಎಸ್ಐ, 1.2 ಟರ್ಬೊ, ಕಂಪನಿಯಿಂದ ಬಂದಾಗ 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ರೀಮ್ಯಾಪ್ ಮಾಡಿಸಲು, ಅಂದರೆ ಇಸಿಯು ಸೆಟ್ಟಿಂಗ್ ಬದಲಾಯಿಸಿ ಶಕ್ತಿ ಹೆಚ್ಚಿಸಲು, ದುಡ್ಡು ಕೂಡಿಟ್ಟಿದ್ದ. ಅವನ ಕಾರಿನ ಏಳು ಗೇರಿನ ಡ್ರೈ ಕ್ಲಚ್ ಗೇರ್‌ಬಾಕ್ಸ್ 250 ನ್ಯೂಟನ್ ಮೀಟರ್ ತಡೆಯುವ ಹಾಗೆ ಮಾಡಿದ್ದು, ಅದರ ಅಂಚಿಗೆ ಹೋಗಿ ದಿನಾ ಬೆಂಗಳೂರು ಟ್ರಾಫಿಕ್ಕಿನಲ್ಲಿ ಓಡಿಸಿದರೆ ಎಷ್ಟು ದಿನ ಬಾಳುತ್ತದೆ ಅಂತ ಬಂಕಿನ ಪಕ್ಕದ ಟೀ ಅಂಗಡಿಯಲ್ಲಿ ಒಂದು ಗಂಟೆ ಮಾತಾಡಿದೆವು. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ. ಎರಡು ತಿಂಗಳಾದ ಮೇಲೆ ಫೋನ್ ಬಂತು. "ಅಣ್ಣಾ, ಪ್ಯಾಡ್ ಹಾಕಿಸಿದೀನಿ, ಬ್ರೇಕ್ ಆಯಿಲ್ ನಾನೇ ನಿಂತು ತೆಗೆಸಿದೆ. ಯಾವಾಗ ಹೋಗೋಣ?"

ಬೆಳಗಿನ ಜಾವ ಮೂರಕ್ಕೆ ಕೊಯಮತ್ತೂರಿಗೆ ಹೊರಟೆವು. ಸೇಲಂನಲ್ಲಿ ಇಡ್ಲಿ. ಹತ್ತಕ್ಕೆ ಟ್ರ್ಯಾಕ್. ಮೊದಲ ಲ್ಯಾಪ್ ನಿಧಾನ, ಕೊನೆಯದೂ ನಿಧಾನ, ಪಿಟ್‌ಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಚಕ್ರಕ್ಕೆ ಕಲ್ಲು ಕೊಡು ಅಂತ ಹೇಳಿಕೊಟ್ಟಿದ್ದೆ. ಅವನು ಒಂದೇ ಉಸಿರಿಗೆ ಎಂಟು ಲ್ಯಾಪ್ ಓಡಿಸಿದ. ಇಳಿದು ಬಂದಾಗ ಟೀ ಶರ್ಟ್ ಬೆನ್ನಿಗೆ ಅಂಟಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಬಿಎಚ್‌ಪಿ ಮಾತೇ ಎತ್ತಲಿಲ್ಲ. ಆ ಎರಡನೇ ತಿರುವಿಗೆ ಬ್ರೇಕ್ ಎಲ್ಲಿ ಬಿಡಬೇಕು, ಅದನ್ನೇ ಮೂರು ಸಲ ಕೇಳಿದ.

ರಾತ್ರಿ ಹನ್ನೊಂದೂವರೆಗೆ ಅತ್ತಿಬೆಲೆ ದಾಟಿದೆವು. ನನ್ನ ಕನ್ನಡಿಯಲ್ಲಿ ಅವನ ಹೆಡ್‌ಲೈಟ್ ಇತ್ತು.