ಎರಡು ಹೆಸರಿನ ಗುಳಿಗೆ

(ಕಾರವಾರದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಆಡಿದ ಮಾತುಗಳ ಬರಹರೂಪ)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ 'ಪರದೇಶದಲ್ಲಿ ಕನಸಿನ ಬೆನ್ನು ಹತ್ತಿ' ಅಂತ. ಬ್ಯಾನರ್ ಮೇಲೂ ಹಾಗೇ ಬರೆದಿದ್ದಾರೆ, ವಿಮಾನದ ಚಿತ್ರ ಬೇರೆ ಹಾಕಿದ್ದಾರೆ. ಸುಳ್ಳು ಯಾಕೆ ಹೇಳಲಿ, ನಾನು ಹೋದಾಗ ನನ್ನ ಮುಂದೆ ಯಾವ ಕನಸೂ ಇರಲಿಲ್ಲ. ಯಜಮಾನರ ಕೆಲಸ ಹೋಗಿತ್ತು. ಮಗಳಿಗೆ ಆರು ವರ್ಷ. ಮೈದುನ ಆಗಲೇ ಕೆನಡಾದಲ್ಲಿದ್ದ. "ಬನ್ನಿ ಅತ್ತಿಗೆ, ಏನಾದ್ರೂ ಆಗ್ತದೆ" ಅಂದ. ಹೋದೆವು. ಕನಸು ಅಂತ ಒಂದಿದ್ದರೆ ಅದು ಇಲ್ಲೇ ಇತ್ತು. ಕಾರವಾರ ಪೇಟೆಯಲ್ಲಿ ನನ್ನದೇ ಒಂದು ಮೆಡಿಕಲ್ ಶಾಪ್ ಹಾಕಬೇಕು, ಬೋರ್ಡಿನಲ್ಲಿ ಮಗಳ ಹೆಸರು ಇರಬೇಕು. ಅಷ್ಟೇ.

ನಾನು ಸದಾಶಿವಗಡದವಳು. ದಿನಾ ಕಾಳಿ ಸೇತುವೆ ದಾಟಿ ಬಂದು ಇಲ್ಲಿ ಪಿಯುಸಿ ಓದಿದೆ. ಹುಬ್ಬಳ್ಳಿಯಲ್ಲಿ ಬಿ.ಫಾರ್ಮ್ ಮುಗಿಸಿದೆ. ಆಮೇಲೆ ಪೇಟೆಯ ಒಂದು ಮೆಡಿಕಲ್‌ನಲ್ಲಿ ಹನ್ನೊಂದು ವರ್ಷ ನಿಂತೆ. ನಿಂತೆ ಅಂದರೆ ನಿಂತೇ. ಕೂರಲು ನಮಗೂ ಜಾಗ ಇಲ್ಲ, ಬಂದವರಿಗೂ ಇಲ್ಲ. ಅವರು ಚೀಟಿ ಚಾಚುತ್ತಾರೆ, ನಾವು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸುತ್ತಾ "ಊಟ ಆದ ಮೇಲೆ, ದಿನಕ್ಕೆ ಎರಡು" ಅನ್ನುತ್ತೇವೆ. ಆ ಮಾತು ಮುಗಿಯುವ ಮೊದಲೇ ಹಿಂದಿನವರ ಕೈ ಮುಂದೆ ಬಂದಿರುತ್ತದೆ.

ಊರು ಬಿಟ್ಟು ಹೋಗಿ ಸೊನ್ನೆಯಿಂದ ಶುರು ಮಾಡುವುದು ನಮ್ಮ ಕರಾವಳಿಗೆ ಹೊಸದೇನಲ್ಲ, ಅಲ್ವಾ? ಮಾಜಾಳಿ ದಾಟಿದರೆ ಗೋವಾ. ಈ ಸಭಾಂಗಣದಲ್ಲಿ ಗೋವಾದಲ್ಲಿ ದುಡಿಯುವ ಒಬ್ಬರೂ ಇಲ್ಲದ ಮನೆಯವರು ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ ನೋಡೋಣ. ನೋಡಿ, ನಾಲ್ಕೇ ಕೈ. ಹಿಂದೆ ಪೋರ್ಚುಗೀಸರ ಕಾಲದಲ್ಲಿ, 1560ರಲ್ಲಿ ಗೋವಾದಲ್ಲಿ ಮತವಿಚಾರಣೆ, ಅಂದರೆ ಚರ್ಚಿನ ನಂಬಿಕೆ ಮೀರಿದವರನ್ನು ಹಿಡಿದು ಶಿಕ್ಷಿಸುವುದು, ಶುರುವಾದ ಮೇಲೆ, ಜನ ಅಲ್ಲಿಂದ ಈ ಕಡೆ ಓಡಿ ಬಂದರು. ಅವರಲ್ಲಿ ಹಲವರು ದೇವರನ್ನೂ ಹೊತ್ತುಕೊಂಡು ಬಂದರು. ಗೋವಾದಲ್ಲಿ ಗುಲಾಮರಾಗಿದ್ದ ಆಫ್ರಿಕಾದ ಜನ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದರು. ಅವರೇ ನಮ್ಮ ಸಿದ್ದಿಗಳು. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ನರು ಬಂದು ನೆಲೆಸಿದರು. ಹಿಮದ ನಾಡಿನವರು ನಮ್ಮ ಸೆಕೆಯಲ್ಲಿ ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು.

ಇನ್ನು ಸೀಬರ್ಡ್, ಇಲ್ಲಿಯ ನೌಕಾನೆಲೆ. ಅದರ ಶಂಕುಸ್ಥಾಪನೆ 1986ರಲ್ಲಿ ಆಯಿತು. ಅರ್ಗಾದಿಂದ ಅಂಕೋಲಾ ಕಡೆಯವರೆಗೆ ಮನೆ, ಗದ್ದೆ, ದೋಣಿ ಎಳೆಯುವ ಜಾಗ ಎಲ್ಲ ಹೋಯಿತು. ನನ್ನ ಜೊತೆ ಬೆಂಚಿನಲ್ಲಿ ಕೂತ ಗೆಳತಿಯ ಮನೆಯೂ ಹೋಯಿತು. ಪರಿಹಾರಕ್ಕೆ ಅವಳ ಅಪ್ಪ ಕೋರ್ಟು ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಸ್‌ಪೋರ್ಟಿಗೆ ಮುದ್ರೆ ಬೀಳದೆಯೇ ಅವರು ವಲಸಿಗರಾದರು. ನಾನು ಟಿಕೆಟ್ ತೆಗೆದು ಹೋದವಳು, ಬೇಡ ಅನಿಸಿದರೆ ವಾಪಸ್ ಬರಬಹುದಿತ್ತು. ಹಾಗಾಗಿ ನನ್ನನ್ನು ಅವರ ಸಾಲಿನಲ್ಲಿ ನಿಲ್ಲಿಸಬೇಡಿ. ಇದನ್ನು ಹೇಳದೆ ನನ್ನ ಕಷ್ಟ ಹೇಳಿಕೊಂಡರೆ ಆ ಗೆಳತಿ ಎದ್ದು ಬಂದು ಬೈಯುತ್ತಾಳೆ. ಮೂರನೇ ಸಾಲಿನಲ್ಲೇ ಕೂತಿದ್ದಾಳೆ.

ಸರಿ, ಕೆನಡಾ. ಅಲ್ಲಿಗೆ ಹೋಗಲು ಅಂಕ ಬೇಕು. ಅಂಕದ ಪದ್ಧತಿ 1967ರಿಂದಲೇ ಇದೆ, 2015ರಿಂದ ಅದೆಲ್ಲ ಆನ್‌ಲೈನಿನಲ್ಲಿ ನಡೆಯುತ್ತದೆ. ಓದಿಗೆ ಇಷ್ಟು, ಇಂಗ್ಲಿಷಿಗೆ ಇಷ್ಟು, ವಯಸ್ಸಿಗೆ ಇಷ್ಟು. ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ ವಯಸ್ಸಿಗೆ ಪೂರ್ತಿ ಅಂಕ, ಆಮೇಲೆ ವರ್ಷ ವರ್ಷ ಇಳಿಯುತ್ತದೆ. ನನಗಾಗ ಮೂವತ್ನಾಲ್ಕು. ಆದರೂ ಬಿ.ಫಾರ್ಮ್‌ಗೂ ಹನ್ನೊಂದು ವರ್ಷದ ಕೆಲಸಕ್ಕೂ ಒಳ್ಳೆ ಅಂಕ ಸಿಕ್ಕಿತು. 2017ರ ಜನವರಿಯಲ್ಲಿ ಟೊರಾಂಟೊ ಹತ್ತಿರದ ಮಿಸಿಸಾಗದಲ್ಲಿ ಇಳಿದೆವು.

ಇಳಿದ ಮೇಲೆ ಗೊತ್ತಾದದ್ದು ಇದು. ಒಳಗೆ ಬಿಡುವವರು ಬೇರೆ, ಕೆಲಸಕ್ಕೆ ಬಿಡುವವರು ಬೇರೆ. ವಲಸೆಯ ಅಂಕ ಕೊಡುವುದು ಕೇಂದ್ರ ಸರ್ಕಾರ. ಫಾರ್ಮಸಿಸ್ಟ್ ಲೈಸೆನ್ಸ್ ಕೊಡುವುದು ಪ್ರಾಂತ್ಯದ ಸಂಸ್ಥೆ. ಯಾವ ಹನ್ನೊಂದು ವರ್ಷಕ್ಕೆ ಅಂಕ ಸಿಕ್ಕಿತ್ತೋ ಅದೇ ಹನ್ನೊಂದು ವರ್ಷ ಇಟ್ಟುಕೊಂಡು ಒಂದು ಗುಳಿಗೆಯನ್ನೂ ಕೊಡುವಂತಿಲ್ಲ. ನಾನು ಬರೆದ ಕಾಲದಲ್ಲಿ ಮೊದಲು ಕಾಗದಪತ್ರಗಳ ತಪಾಸಣೆ, ಆಮೇಲೆ ಒಂದು ಪರೀಕ್ಷೆ, ಅದು ಪಾಸಾದರೆ ಎರಡು ಭಾಗದ ಇನ್ನೊಂದು ಪರೀಕ್ಷೆ, ಮೇಲೆ ಅಲ್ಲಿಯ ಕಾನೂನಿನ ಪರೀಕ್ಷೆ. ಎಲ್ಲದಕ್ಕೂ ಶುಲ್ಕ. ಎಷ್ಟು ಸಲ ಬರೆಯಬಹುದು ಅನ್ನುವುದಕ್ಕೂ ಮಿತಿ.

ಬಾಡಿಗೆ ಕಾಯುವುದಿಲ್ಲವಲ್ಲ, ಕಾಫಿ ಅಂಗಡಿಗೆ ಸೇರಿದೆ. ಬೆಳಗಿನ ಐದಕ್ಕೆ ಪಾಳಿ. ಮೊದಲ ದಿನ ಒಬ್ಬ ಬಂದು "ಡಬಲ್ ಡಬಲ್" ಅಂದ. ನಾನು ನಾಲ್ಕು ಕಾಫಿ ಮಾಡಿ ಇಟ್ಟೆ. ಆಮೇಲೆ ತಿಳಿಯಿತು, ಅದು ಒಂದೇ ಕಾಫಿ, ಎರಡು ಕ್ರೀಮು, ಎರಡು ಸಕ್ಕರೆ. ಆತ ನಕ್ಕ, ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗಳಿಗೆ ಕೇಳಬಾರದು ಅಂತ. ಒಂದು ವರ್ಷ ಕಾಫಿ, ಆಮೇಲೆ ಒಂದು ಫಾರ್ಮಸಿಯಲ್ಲಿ ಅಸಿಸ್ಟೆಂಟ್. ಗುಳಿಗೆ ಎಣಿಸುವುದು, ಡಬ್ಬಿಗೆ ಚೀಟಿ ಅಂಟಿಸುವುದು, ಫೋನ್ ಎತ್ತುವುದು. ಸಲಹೆ ಮಾತ್ರ ಕೊಡುವಂತಿಲ್ಲ. ಕೊನೆಗೂ ಗುಳಿಗೆಯ ವಾಸನೆಗೆ ವಾಪಸ್ ಬಂದಿದ್ದೆ, ಅದೇ ಆಗ ದೊಡ್ಡದು.

ಪರೀಕ್ಷೆಗಳಲ್ಲಿ ನನಗೆ ಕಷ್ಟವಾದದ್ದು ಮಾತಿನ ಪರೀಕ್ಷೆ. ಒಂದು ಕೋಣೆ, ಒಳಗೆ ರೋಗಿಯ ವೇಷದಲ್ಲಿ ಕೂತ ನಟ ಅಥವಾ ನಟಿ, ನಿಮಗೆ ಏಳು ನಿಮಿಷ. ಗಂಟೆ ಹೊಡೆದರೆ ಮುಂದಿನ ಕೋಣೆ. ಹೀಗೆ ಸಾಲಾಗಿ. ಒಳಗೆ ಏನು ಬಂತು ಅಂತ ಹೊರಗೆ ಹೇಳುವ ಹಾಗಿಲ್ಲ, ಸಹಿ ಮಾಡಿಸಿಕೊಂಡಿರುತ್ತಾರೆ. ನಾವು ಅಭ್ಯಾಸ ಹೇಗೆ ಮಾಡುತ್ತಿದ್ದೆವು ಅನ್ನುವುದನ್ನು ಹೇಳಬಹುದು.

ಈಜಿಪ್ಟಿನ ಒಬ್ಬಳು ಗೆಳತಿ ಇದ್ದಳು, ಕೈರೋದಲ್ಲಿ ಸ್ವಂತ ಫಾರ್ಮಸಿ ನಡೆಸಿದವಳು. ರಾತ್ರಿ ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಅಭ್ಯಾಸ. ಅವಳು ರೋಗಿ. "ಮೂಗು ಕಟ್ಟಿದೆ" ಅನ್ನುತ್ತಾಳೆ. ನಾನು ಗುಳಿಗೆಯ ಹೆಸರು, ಎಷ್ಟು ಹೊತ್ತಿಗೆ, ನಿದ್ದೆ ಬರ್ತದಾ ಇಲ್ವಾ, ಎಲ್ಲ ಪಟಪಟ ಹೇಳಿ ಎರಡೇ ನಿಮಿಷದಲ್ಲಿ ಮುಗಿಸಿದೆ. ಆ ಕಡೆ ಸುಮ್ಮನೆ. ಆಮೇಲೆ ಹೇಳಿದಳು, "ನನಗೆ ಬಿಪಿ ಇದೆ. ನೀನು ಕೇಳಲೇ ಇಲ್ಲ. ನೀನಿನ್ನೂ ಅಂಗಡಿಯವಳ ಹಾಗೇ ಮಾತಾಡ್ತೀ." ಮೂಗು ಬಿಡಿಸುವ ಕೆಲವು ಗುಳಿಗೆಗಳು ಬಿಪಿ ಏರಿಸುತ್ತವೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೇಳಿರಲಿಲ್ಲ. ಹನ್ನೊಂದು ವರ್ಷ ಹೇಳಿ ಹೇಳಿ ರೂಢಿ, ಕೇಳಿ ರೂಢಿಯಿಲ್ಲ. 2019ರ ಕೊನೆಯಲ್ಲಿ ಆ ಭಾಗ ಫೇಲಾದೆ. ಊರಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನು! ಅಮ್ಮನಿಗೆ ಫೋನಿನಲ್ಲಿ "ರಿಸಲ್ಟ್ ಇನ್ನೂ ಬಂದಿಲ್ಲ" ಅಂತ ಎರಡು ತಿಂಗಳು ಸುಳ್ಳು ಹೇಳಿದೆ.

ಈಗ ಹೇಳುವುದು 2020ರ ಫೆಬ್ರವರಿಯ ಮಾತು. ಹೊರಗೆ ಹಿಮ. ಎಂಬತ್ತರ ಆಸುಪಾಸಿನ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. ಅವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಗೋವಾದವರು, ಮಗನ ಮನೆಗೆ ಬಂದು ನೆಲೆಸಿದವರು. ಮೊಣಕಾಲು ನೋವು, ಹೊಟ್ಟೆ ತೊಳಸುವುದು, ಊಟ ಸೇರದು. ಫಾರ್ಮಸಿಸ್ಟ್ ಇಂಗ್ಲಿಷಿನಲ್ಲಿ "ಬೇರೆ ಏನಾದರೂ ಔಷಧ ತಗೊಳ್ತೀರಾ" ಅಂತ ಕೇಳಿದರು. ಅಜ್ಜಿ "ನೋ, ನೋ" ಅಂದರು. ಮೊಮ್ಮಗ ಫೋನು ನೋಡುತ್ತಿದ್ದ.

ನಾನು ಡಬ್ಬಿ ತಂದುಕೊಡುವವಳು. ಸುಮ್ನೆ, ಕೊಂಕಣಿಯಲ್ಲಿ "ಕಶಿ ಆಸಾ ಬಾಯ್?" ಅಂದೆ. ಹೇಗಿದ್ದೀರಿ ಅಂತ.

ಅಜ್ಜಿ ನನ್ನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ನಮ್ಮ ಕೊಂಕಣಿಗೂ ಅವರದಕ್ಕೂ ಸ್ವಲ್ಪ ಫರಕು ಇದೆ, ಆದರೆ ಕಾಳಿ ನದಿಯ ಆಚೆ ದಡದವಳಿಗೆ ಅದೆಂಥ ತೊಡಕು! ಅಲ್ಲೇ ಕುರ್ಚಿಯಲ್ಲಿ ಕೂರಿಸಿ, ಮನೆಯಲ್ಲಿ ಮತ್ತೇನು ನುಂಗುತ್ತೀರಿ ಅಂತ ಕೊಂಕಣಿಯಲ್ಲೇ ಕೇಳಿದೆ. ಜಪಮಾಲೆ ಇಟ್ಟುಕೊಂಡ ಕೈಚೀಲದಿಂದ ಒಂದು ಸ್ಟ್ರಿಪ್ ತೆಗೆದರು. ನಮ್ಮ ಊರಿನ ಪ್ಯಾರಾಸಿಟಮಾಲ್, 650. "ಇದು ಔಷಧವಲ್ಲ ಮಗಾ, ಇದು ಮೈಕೈ ನೋವಿಂದು" ಅಂದರು. ಬರುವಾಗ ಚೀಲ ತುಂಬ ತಂದಿದ್ದರಂತೆ. ದಿನಕ್ಕೆ ಮೂರು. ಇನ್ನೊಂದು ಕಡೆ ಅಲ್ಲಿಯ ಡಾಕ್ಟರು ಮೊಣಕಾಲಿಗೆ ಹೇಳಿದ ಡಬ್ಬಿ, ಅಸಿಟಮಿನೋಫೆನ್ 500. ಒಂದು ಸಲಕ್ಕೆ ಎರಡು, ದಿನಕ್ಕೆ ಮೂರು ಸಲ.

ಇಲ್ಲಿ ಫಾರ್ಮಸಿ ಓದುವವರು ಇದ್ದರೆ ಆಗಲೇ ನಗುತ್ತಿರಬಹುದು, ಅಥವಾ ಹೆದರಿರಬಹುದು. ನಾವು ಪ್ಯಾರಾಸಿಟಮಾಲ್ ಅನ್ನುವುದಕ್ಕೆ ಅಲ್ಲಿ ಅಸಿಟಮಿನೋಫೆನ್ ಅನ್ನುತ್ತಾರೆ. ಒಂದೇ ವಸ್ತು, ಎರಡು ಹೆಸರು. ಡಬ್ಬಿಯದು 3,000 ಮಿಲಿಗ್ರಾಂ, ಸ್ಟ್ರಿಪ್ಪಿನದು 1,950. ಒಟ್ಟು 4,950. ಗಟ್ಟಿಮುಟ್ಟಾದವರಿಗೇ ದಿನಕ್ಕೆ 4,000 ಮೀರಬಾರದು. ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ. ನಾನು ಫಾರ್ಮಸಿಸ್ಟರನ್ನು ಕರೆದೆ. ಅವರು ಮಾತಾಡಿದರು, ನಾನು ನಡುವೆ ನಿಂತು ಕೊಂಕಣಿ ಮಾಡಿದೆ. ಸ್ಟ್ರಿಪ್ ನಿಲ್ಲಿಸಿದರು, ಡಾಕ್ಟರಿಗೆ ಫೋನ್ ಹೋಯಿತು, ರಕ್ತ ಪರೀಕ್ಷೆ ಆಯಿತು. ಲಿವರ್ ಸ್ವಲ್ಪ ಏರುಪೇರಾಗಿತ್ತು, ಗುಳಿಗೆ ಬಿಟ್ಟ ಮೇಲೆ ಸರಿಹೋಯಿತು.

ಪ್ಯಾರಾಸಿಟಮಾಲ್ ಅಂದರೇನು ಅಂತ ಆ ಫಾರ್ಮಸಿಸ್ಟರಿಗೂ ಗೊತ್ತಿತ್ತು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ಆದರೆ ಆ ಸ್ಟ್ರಿಪ್ ಚೀಲದಿಂದ ಹೊರಗೆ ಬರಲು ಕೊಂಕಣಿ ಬೇಕಾಗಿತ್ತು. ಬಯೋಡೇಟಾದಲ್ಲಿ ಕೊಂಕಣಿ, ಕನ್ನಡ ಅಂತ ಬರೆಯುವುದನ್ನೇ ನಾನು ಬಿಟ್ಟಿದ್ದೆ. ಯಾರೋ ಹೇಳಿದ್ದರು, ಅದೆಲ್ಲ ಬರೆದರೆ ಹೊಸಬಳು ಅಂತ ಗೊತ್ತಾಗ್ತದೆ ಅಂತ. ಆ ರಾತ್ರಿ ಮನೆಗೆ ಬಂದು ಬಯೋಡೇಟಾ ತೆರೆದು ಎರಡೂ ಸೇರಿಸಿದೆ. ಫೇಲಾದ ಸಂಗತಿಯನ್ನೂ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಗೊತ್ತಿತ್ತು, ನಿನ್ನ ದನಿಯಲ್ಲೇ ಇತ್ತಲ್ಲ" ಅಂದಳು.

ಕೋವಿಡ್‌ನಿಂದ ಪರೀಕ್ಷೆ ಮುಂದಕ್ಕೆ ಹೋಯಿತು. ಎರಡನೇ ಸಲ ಪಾಸಾದೆ. 2021ರಲ್ಲಿ ಲೈಸೆನ್ಸ್ ಬಂತು. ಮೂವತ್ತೆಂಟನೇ ವಯಸ್ಸಿಗೆ ಮತ್ತೆ ಫಾರ್ಮಸಿಸ್ಟ್. ಇಷ್ಟನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಆ ದಿನ ವಿಶೇಷ ಏನೂ ಅನಿಸಲಿಲ್ಲ. ಸುಸ್ತಾಗಿತ್ತು, ನಿದ್ದೆ ಮಾಡಿದೆ.

ನಾವಿರುವ ಆಂಟಾರಿಯೊ ಪ್ರಾಂತ್ಯದಲ್ಲಿ ಮೆಡ್ಸ್‌ಚೆಕ್ ಅಂತ ಒಂದು ಯೋಜನೆ ಇದೆ, 2007ರಿಂದ. ದೀರ್ಘಕಾಲದ ಕಾಯಿಲೆಗೆ ಮೂರು ಅಥವಾ ಜಾಸ್ತಿ ಔಷಧ ತಗೊಳ್ಳುವವರ ಜೊತೆ ಫಾರ್ಮಸಿಸ್ಟ್ ವರ್ಷಕ್ಕೊಮ್ಮೆ ಕೂತು ಎಲ್ಲವನ್ನೂ ನೋಡುತ್ತಾರೆ. ಸರ್ಕಾರವೇ ಅದಕ್ಕೆ ದುಡ್ಡು ಕೊಡುತ್ತದೆ. ನಾನೀಗ ಹೆಚ್ಚಾಗಿ ಅದನ್ನೇ ಮಾಡುವುದು. "ಮನೆಯಲ್ಲಿ ಇರುವುದೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ" ಅನ್ನುತ್ತೇನೆ. ಕಷಾಯದ ಪುಡಿ, ಹೋಮಿಯೋಪತಿ ಸೀಸೆ, ತೀರಿಹೋದ ಗಂಡನ ಬಿಪಿ ಗುಳಿಗೆ, ಏನೇನೋ ಬರುತ್ತದೆ. ಸ್ವಂತ ಅಂಗಡಿಯ ಆಸೆ ಯಾವಾಗ ಬಿಟ್ಟುಹೋಯಿತೋ ಗೊತ್ತೇ ಆಗಲಿಲ್ಲ. ಆ ಚೀಲ ಬಿಚ್ಚುವಾಗಿನ ಖುಷಿ ಬೋರ್ಡಿನ ಮೇಲಿನ ಹೆಸರಿನಲ್ಲಿ ಇರುತ್ತಿತ್ತು ಅಂತ ನನಗೆ ಈಗ ಅನಿಸುವುದಿಲ್ಲ.

ಹೋಗಬೇಕು ಅಂತಿರುವ ಮಕ್ಕಳಿಗೆ, ನೇರವಾಗಿ. ಏಜೆಂಟರ ಮಾತು ಕೇಳಿ ಮನೆ ಅಡವಿಡಬೇಡಿ. ಕೆನಡಾ 2024ರಲ್ಲಿ ವಿದ್ಯಾರ್ಥಿಗಳ ಪರ್ಮಿಟ್‌ಗೇ ಮಿತಿ ಹಾಕಿತು, ನಿಯಮ ವರ್ಷ ವರ್ಷ ಬದಲಾಗುತ್ತದೆ. ನಿಮ್ಮ ಕೆಲಸಕ್ಕೆ ಅಲ್ಲಿ ಲೈಸೆನ್ಸ್ ಬೇಕಾ ಅಂತ ಇಲ್ಲಿರುವಾಗಲೇ ನೋಡಿ, ಕಾಗದಪತ್ರ ಇಲ್ಲಿಂದಲೇ ಕಳಿಸಲು ಶುರು ಮಾಡಿ. ನಾನು ಹೋದ ಮೇಲೆ ಶುರು ಮಾಡಿ ಸುಮ್ಮನೆ ಒಂದು ವರ್ಷ ಕಳೆದುಕೊಂಡೆ. 'ಕೆನಡಾದ ಅನುಭವ ಇದೆಯಾ' ಅಂತ ಕೇಳಿಯೇ ನನಗೆ ಬಾಗಿಲು ಹಾಕಿದವರು ಬಹಳ ಮಂದಿ. ಆಂಟಾರಿಯೊದಲ್ಲಿ 2026ರ ಜನವರಿಯಿಂದ ಕೆಲಸದ ಜಾಹೀರಾತಿನಲ್ಲಿ ಹಾಗೆ ಕೇಳುವಂತಿಲ್ಲ ಅಂತ ಕಾನೂನೇ ಆಗಿದೆ. ಬಾಯಲ್ಲಿ ಕೇಳುವುದು ನಿಲ್ಲುತ್ತದಾ, ನೋಡಬೇಕು.

ಈ ಸಲ ಬಂದಾಗ ಹಳೆ ಕಾಳಿ ಸೇತುವೆ ಇರಲಿಲ್ಲ. 2024ರ ಆಗಸ್ಟ್‌ನಲ್ಲಿ ನಡುರಾತ್ರಿ ಅದು ಕುಸಿದಾಗ ಕೆನಡಾದಲ್ಲಿ ಮಧ್ಯಾಹ್ನ, ನಾನು ಯಾರದೋ ಚೀಲ ಬಿಚ್ಚುತ್ತಿದ್ದೆ. ಹೊಸ ಸೇತುವೆಯ ಮೇಲೆ ಬಂದು ಮೊನ್ನೆ ನನ್ನ ಹಳೆ ಮೆಡಿಕಲ್‌ಗೆ ಹೋದೆ. ಧಣಿಗಳು ಚಹಾ ತರಿಸಿದರು. ಇಬ್ಬರೂ ನಿಂತೇ ಕುಡಿದೆವು. "ಅಣ್ಣಾ, ಕೌಂಟರ್ ಮುಂದೆ ಒಂದು ಸ್ಟೂಲ್ ಇಡಿ. ವಾರಕ್ಕೆ ಒಂದು ದಿನ ಸಾಕು, ವಯಸ್ಸಾದವರು ಚೀಲ ತರಲಿ, ಇಲ್ಲಿ ಇರುವಷ್ಟು ದಿನ ನಾನು ಕೂತು ನೋಡ್ತೇನೆ" ಅಂದೆ.

"ಸ್ಟೂಲ್ ಇಟ್ಟರೆ ಜನ ಕೂತೇ ಬಿಡ್ತಾರೆ ಮಾರಾಯ್ತಿ" ಅಂದರು.

ಇನ್ನೂ ಒಪ್ಪಿಲ್ಲ. ನಾಳೆ ಸಂಜೆ ಮತ್ತೆ ಹೋಗುತ್ತೇನೆ, ಈ ಸಲ ಸ್ಟೂಲ್ ನಾನೇ ಹೊತ್ತುಕೊಂಡು. ಈಗ ನಿಮ್ಮ ಪ್ರಶ್ನೆ ಕೇಳಿ.