ನೀರಿದ್ದ ಜಾಗ ಬಿಟ್ಟು ಹೊರಟ ಸೈನ್ಯ

ಟೆಂಪ್ಲರ್‌ಗಳು ಅಂದ ಕೂಡಲೇ ನೆನಪಾಗುವುದು ಬಿಳಿ ನಿಲುವಂಗಿ, ಕೆಂಪು ಶಿಲುಬೆ, ಎಲ್ಲೋ ಹೂತಿಟ್ಟ ನಿಧಿ. ಕ್ರುಸೇಡ್ ಯುದ್ಧಗಳ ಕಾಲದಲ್ಲಿ, ಜೆರುಸಲೇಮ್ ಸುತ್ತಲ ಕ್ರೈಸ್ತ ರಾಜ್ಯಗಳ ಪರವಾಗಿ ಮುಸ್ಲಿಂ ಸೈನ್ಯಗಳ ಜೊತೆ ಕಾದಾಡುತ್ತಿದ್ದ ಯೋಧ-ಸನ್ಯಾಸಿಗಳ ಪಂಗಡ ಅದು. ನಿಧಿ ಕಥೆ ಇವತ್ತು ಬೇಡ. ಒಬ್ಬ ಸಿಟ್ಟಿನ ಮನುಷ್ಯನ ಕಥೆ ಹೇಳುತ್ತೇನೆ.

ಜೆರಾರ್ಡ್ ಡಿ ರಿಡ್‌ಫೋರ್ಟ್. ಯುರೋಪಿನಿಂದ ಬಂದು ಈಗಿನ ಲೆಬನಾನ್‌ನಲ್ಲಿರುವ ಟ್ರಿಪೊಲಿಯ ಕೌಂಟ್ (ಅಲ್ಲಿನ ಒಡೆಯ) ರೇಮಂಡ್ ಹತ್ತಿರ ಕೆಲಸಕ್ಕೆ ಸೇರಿದವನು. ಆಸ್ತಿಯಿರುವ ಹುಡುಗಿಯ ಜೊತೆ ಮದುವೆ ಮಾಡಿಸುತ್ತೇನೆ ಎಂದು ರೇಮಂಡ್ ಮಾತು ಕೊಟ್ಟಿದ್ದನಂತೆ. ಬೊಟ್ರೂನ್ ಎಂಬಲ್ಲಿ ಅಂಥ ಹುಡುಗಿ ಇದ್ದಳು. ಅಷ್ಟರಲ್ಲಿ ಪೀಸಾದ ವ್ಯಾಪಾರಿಯೊಬ್ಬ ಅವಳ ತೂಕದಷ್ಟು ಚಿನ್ನ ಸುರಿದು ಮದುವೆಯಾದ. ಜೆರಾರ್ಡ್ ಹೋಗಿ ಟೆಂಪ್ಲರ್ ಆದ. 1185ರ ಹೊತ್ತಿಗೆ ಅವನೇ ಗ್ರ್ಯಾಂಡ್ ಮಾಸ್ಟರ್, ಅಂದರೆ ಇಡೀ ಪಂಗಡದ ಮುಖ್ಯಸ್ಥ.

ತೂಕದ ಚಿನ್ನ ಅನ್ನುವುದು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ? ಇದನ್ನೆಲ್ಲ ಬರೆದಿಟ್ಟವರು ರೇಮಂಡ್ ಕಡೆಯವರು. ಅದಕ್ಕೆ ಒಂದಿಷ್ಟು ಕಳೆದೇ ಓದಬೇಕು. ಆದರೆ ಮುಂದೆ ನಡೆದದ್ದನ್ನು ಕಳೆಯೋಕಾಗಲ್ಲ.

1187ರ ಮೇ 1. ನಜರೇತ್ ಹತ್ತಿರದ ಕ್ರೆಸ್ಸಾನ್. ಇವನ ಕಡೆ ಇದ್ದದ್ದು 130 ಚಿಲ್ಲರೆ ನೈಟ್‌ಗಳು. ಎದುರಿಗೆ ಮುಸ್ಲಿಂ ಸುಲ್ತಾನ ಸಲಾದೀನ್ ಕಡೆಯ ಸಾವಿರಾರು ಸವಾರರು. ಟೆಂಪ್ಲರ್‌ಗಳಂಥದೇ ಇನ್ನೊಂದು ಪಂಗಡ ಹಾಸ್ಪಿಟಲರ್, ಅದರ ಮುಖ್ಯಸ್ಥ ರೋಜರ್ ಬೇಡ ಅಂದ. ಇವನದೇ ಪಡೆಯ ಜೇಮ್ಸ್ ಡಿ ಮೇಯಿ ಕೂಡ ಬೇಡ ಅಂದ. ಜೆರಾರ್ಡ್ ಅವರನ್ನು ಹಂಗಿಸಿ ನುಗ್ಗಿಸಿದ. ರೋಜರ್ ಸತ್ತ, ಜೇಮ್ಸ್ ಸತ್ತ. ಬದುಕಿ ಬಂದದ್ದು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಜೆರಾರ್ಡ್ ಒಬ್ಬ.

ಇಷ್ಟಾದ ಮೇಲೂ ಅವನ ಕುರ್ಚಿ ಅಲುಗಲಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಸಿಟ್ಟು ಯಾರಿಗೆ ಇಲ್ಲ? 1139ರಲ್ಲಿ ಪೋಪ್ ಎರಡನೇ ಇನ್ನೊಸೆಂಟ್ ಟೆಂಪ್ಲರ್‌ಗಳಿಗೆ ಒಂದು ಹಕ್ಕುಪತ್ರ ಕೊಟ್ಟಿದ್ದ. ಅಲ್ಲಿಂದ ಅವರು ಪೋಪ್‌ಗೆ ಬಿಟ್ಟು ಇನ್ಯಾರಿಗೂ ಲೆಕ್ಕ ಕೊಡಬೇಕಿರಲಿಲ್ಲ. ಪೋಪ್ ಇದ್ದದ್ದು ಸಮುದ್ರದಾಚೆ. ಕೆಳಗಿನವರು ವಿಧೇಯತೆಯ ಪ್ರತಿಜ್ಞೆ ಮಾಡಿದವರು. ಇನ್ನು ತಡೆಯೋರು ಯಾರು?

ಎರಡೇ ತಿಂಗಳು. ಸಲಾದೀನ್ ತಿಬೇರಿಯಸ್ ಪಟ್ಟಣ ಮುತ್ತಿದ. ಅಲ್ಲಿನ ಕೋಟೆಯೊಳಗೆ ಸಿಕ್ಕಿಕೊಂಡಿದ್ದವಳು ರೇಮಂಡ್‌ನ ಹೆಂಡತಿ ಎಶಿವಾ. ಹಾಗಿದ್ದರೂ ರೇಮಂಡ್, ಹೋಗುವುದು ಬೇಡ, ಸಫೂರಿಯಾದಲ್ಲಿ ನೀರಿದೆ, ಇಲ್ಲೇ ಇರೋಣ ಅಂದ. ಜುಲೈ ಬಿಸಿಲು, ಭಾರದ ಕವಚ. ಜೆರುಸಲೇಮಿನ ದೊರೆ ಗೀ ಒಪ್ಪಿದ. ರಾತ್ರಿ ಜೆರಾರ್ಡ್ ಒಬ್ಬನೇ ದೊರೆಯ ಡೇರೆಗೆ ಹೋದ. ರೇಮಂಡ್ ದ್ರೋಹಿ, ಅವನ ಮಾತು ಕೇಳಬೇಡ ಅಂದ. ಗೀ ದೊರೆಯಾಗಿದ್ದೇ ಇವನ ಬೆಂಬಲದಿಂದ. ಜೊತೆಗೆ ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ ಟೆಂಪ್ಲರ್‌ಗಳಲ್ಲಿ ಇಟ್ಟಿದ್ದ ಹಣ ತೆಗೆದು ಸೈನಿಕರನ್ನು ಕೂಡಿಸಿದ್ದವನೂ ಇವನೇ. ಬೆಳಗಾದರೆ ಸೈನ್ಯ ಹೊರಟಿತ್ತು.

ಜುಲೈ 3ರ ರಾತ್ರಿ ಬಯಲಲ್ಲೇ, ನೀರಿಲ್ಲದೆ. ಸುತ್ತಲ ಒಣಹುಲ್ಲಿಗೆ ಸಲಾದೀನ್ ಕಡೆಯವರು ಬೆಂಕಿ ಇಟ್ಟರು. 4ರಂದು ಹತ್ತೀನ್‌ನಲ್ಲಿ ಎಲ್ಲ ಮುಗಿಯಿತು. ಸೆರೆಸಿಕ್ಕ ಟೆಂಪ್ಲರ್, ಹಾಸ್ಪಿಟಲರ್ ನೈಟ್‌ಗಳು 200ಕ್ಕೂ ಜಾಸ್ತಿ, ಅವರ ತಲೆ ತೆಗೆಸಿದರು. ಅಕ್ಟೋಬರ್ 2ಕ್ಕೆ ಜೆರುಸಲೇಮೂ ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತದೆಯೇ?

ಜೆರಾರ್ಡ್‌ನನ್ನು ಮಾತ್ರ ಸಲಾದೀನ್ ಕೊಲ್ಲಲಿಲ್ಲ. ಆಮೇಲೆ ಏನಾಯ್ತು ಗೊತ್ತಾ? ಗಾಜಾ ಕೋಟೆಯ ಟೆಂಪ್ಲರ್‌ಗಳಿಗೆ ಶರಣಾಗಿ ಎಂದು ಇವನೇ ಹೇಳಿದ. ಅವರು ಎದುರು ಮಾತಾಡದೆ ಕೋಟೆ ಬಿಟ್ಟುಕೊಟ್ಟರು, ಇವನಿಗೆ ಬಿಡುಗಡೆ ಸಿಕ್ಕಿತು. ಮತ್ತೆ ಅದೇ ಕುರ್ಚಿ, ಮತ್ತೆ ಯುದ್ಧ. 1189ರ ಅಕ್ಟೋಬರ್ 4ರಂದು ಆಕ್ರೆಯಲ್ಲಿ ಸತ್ತ. 1191ರಲ್ಲಿ ರಾಬರ್ಟ್ ಡಿ ಸಾಬ್ಲೆ ಬರುವವರೆಗೆ ಆ ಜಾಗಕ್ಕೆ ಟೆಂಪ್ಲರ್‌ಗಳು ಯಾರನ್ನೂ ಕೂರಿಸಲಿಲ್ಲ.